ಕಣದಲ್ಲಿ ಕಾಫಿ, ಕಿವಿಯಲ್ಲಿ ಸ್ಯಾಕ್ಸೋಫೋನ್

ಜನವರಿಯಲ್ಲಿ ಮಳೆ ಬರಬಾರದು. ಆದರೆ ನಮ್ಮ ಮೂಡಿಗೆರೆ ಕಡೆ ಈಗೀಗ ಮಳೆಗೆ ತಿಂಗಳ ಲೆಕ್ಕವೇ ಇಲ್ಲ. ಅವತ್ತು ಕಣದ ತುಂಬ ರೊಬಸ್ಟಾ ಕಾಫಿ ಹಣ್ಣು ಹರಡಿತ್ತು. ಆಗಾಗ ಕೆದಕಿ ತಿರುವಿ ಹಾಕೋದು ನನ್ನ ಪಾಲಿನ ಕೆಲಸ. ಬೇಜಾರಿನ ಕೆಲಸ. ಅದಕ್ಕೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಮಾಸಿ ವಾಷಿಂಗ್ಟನ್‌ನ ‘ದಿ ಎಪಿಕ್’ ಹಾಕಿಕೊಂಡಿದ್ದೆ.

ಲಾಸ್ ಏಂಜಲಿಸ್‌ನ ಈ ಜಾಝ್ ಸ್ಯಾಕ್ಸೋಫೋನ್ ವಾದಕನ ಮೊದಲ ದೊಡ್ಡ ಆಲ್ಬಮ್ ಅದು. 2015ರ ಮೇನಲ್ಲಿ ಬಂತು. ಮೂರು ಡಿಸ್ಕ್, 17 ಟ್ರ್ಯಾಕ್, ಹತ್ತಿರ ಹತ್ತಿರ ಮೂರು ಗಂಟೆ. ಇಬ್ಬರು ಡ್ರಮ್ ಬಾರಿಸುವವರು, ಇಬ್ಬರು ಬಾಸ್ ವಾದ್ಯದವರು, ಸಾಲದ್ದಕ್ಕೆ 32 ಜನರ ಆರ್ಕೆಸ್ಟ್ರಾ, 20 ಜನರ ಕೋರಸ್. ಮೊದಲ ಸಲಕ್ಕೇ ಇಷ್ಟು ಧೈರ್ಯ! ಜಾಝ್ ಕಡೆ ತಲೆ ಹಾಕದವರೂ ಕೇಳಿದರು. ಆ ವರ್ಷದ ಅತ್ಯುತ್ತಮ ಚೊಚ್ಚಲ ಆಲ್ಬಮ್ ಅಂತ ಅಮೆರಿಕನ್ ಮ್ಯೂಸಿಕ್ ಪ್ರೈಜ್ ಕೂಡ ಸಿಕ್ಕಿತು. ಹಿಂದಿನ ಜಾಝ್ ಸ್ಯಾಕ್ಸೋಫೋನ್ ದಿಗ್ಗಜ ಜಾನ್ ಕೋಲ್ಟ್ರೇನ್ 1960ರ ದಶಕದಲ್ಲೇ ಮಾಡಿದ್ದನ್ನು ಇವನು ಮತ್ತೆ ಮಾಡಿದ್ದಾನೆ ಅಂತ ಮೂಗು ಮುರಿದವರೂ ಇದ್ದರು. ನನಗಂತೂ ಕೋರಸ್ ಸ್ವಲ್ಪ ಜಾಸ್ತಿ ಆಯಿತು ಅನ್ನಿಸಿತ್ತು. ಈಗಲೂ ಅನ್ನಿಸುತ್ತೆ.

ಇರಲಿ. ಎರಡೂ ಡ್ರಮ್ ಒಟ್ಟಿಗೆ ಏರುತ್ತಿದ್ದಾಗ ಯಾರೋ ಬೆನ್ನಿಗೆ ಗುದ್ದಿದಂತಾಯಿತು. ತಿರುಗಿದರೆ ಅಪ್ಪ. ಬಾಯಿ ಆಡುತ್ತಿದೆ, ಮಾತು ಕೇಳುತ್ತಿಲ್ಲ. ಇಯರ್‌ಫೋನ್ ಕಿತ್ತೆ.

“ಆಗ್ಲಿಂದ ಕೂಗ್ತಿದೀನಿ, ಮಳೆ ಹನೀತಿದೆ ಮಾರಾಯ!”

ಕಣದ ಮೇಲೆ ಬಿದ್ದ ಹನಿಗಳು ಆಗಲೇ ಕಾಸಿನಗಲ ಕಪ್ಪು ಮಚ್ಚೆ ಮೂಡಿಸಿದ್ದವು. ಇಬ್ಬರೂ ಓಡಾಡಿ ಕಾಫಿ ಗುಡ್ಡೆ ಮಾಡಿ ಟಾರ್ಪಾಲು ಎಳೆದೆವು. ಅಷ್ಟಾದರೂ ಒಂದು ಅಂಚು ನೆನೆದೇಹೋಯಿತು. ನೆನೆದಿದ್ದನ್ನು ಹಾಗೇ ಬಿಟ್ಟರೆ ಬೂಸ್ಟು ಹಿಡಿಯುತ್ತೆ. ಅದನ್ನು ಬೇರೆ ಗೋರಿ ಪಕ್ಕಕ್ಕಿಟ್ಟದ್ದಾಯಿತು. ಅಪ್ಪ ಬೈಯಲಿಲ್ಲ. ಅದೇ ಜಾಸ್ತಿ ಹಿಂಸೆ.

ಶೆಡ್ಡಿನಲ್ಲಿ ಮೂಟೆ ಮೇಲೆ ಕೂತು ತಲೆ ಒರೆಸಿಕೊಳ್ಳುತ್ತಾ ಅಪ್ಪ, “ಏನದು ಅಷ್ಟು ಮೈಮರೆಯುವಂಥದ್ದು, ಕೊಡು ನೋಡೋಣ” ಅಂದರು. ಒಂದು ಇಯರ್‌ಫೋನ್ ಅವರ ಕಿವಿಗಿಟ್ಟೆ. ಎರಡು ನಿಮಿಷ ಕೇಳಿದರು.

“ಯಾರ ಮನೆ ಮದುವೆ?”

ತಪ್ಪೇನಿಲ್ಲ. ಚಾರ್ಮಾಡಿ ಘಾಟಿ ಹತ್ತಿ ಬರುವ ಕೆಳಗಿನವರ ಸ್ಯಾಕ್ಸೋಫೋನ್ ಸೆಟ್ಟನ್ನು ಅಪ್ಪ ಎಷ್ಟು ಮದುವೆಗಳಲ್ಲಿ ಕೇಳಿಲ್ಲ! ಕದ್ರಿ ಗೋಪಾಲನಾಥರು ಅಂದರೆ ಅವರಿಗೆ ಪ್ರಾಣ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕಂಡ ವಾದ್ಯಕ್ಕೆ ಕರ್ನಾಟಕ ಸಂಗೀತ ಕಲಿಸಿದವರು ಗೋಪಾಲನಾಥರು. ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಂತಪ್ಪನ ಜೊತೆ 2008ರಲ್ಲಿ ಒಂದು ಆಲ್ಬಮ್ಮನ್ನೂ ತಂದಿದ್ದರು ಅಂತ ಹೇಳಿದೆ. ಅಪ್ಪನಿಗೆ ಅದು ಬೇಕಿರಲಿಲ್ಲ.

“ಅವರದ್ದು ಗಂಟಲಿಂದ ಬರ್ತಿತ್ತು. ಇವನದ್ದು ಹೊಟ್ಟೆಯಿಂದ.”

ನಾನು ಸುಮ್ನೆ ನೋಡಿದೆ. ಗೋಪಾಲನಾಥರದ್ದು ಆಲ್ಟೋ ಸ್ಯಾಕ್ಸೋಫೋನ್, ಕಮಾಸಿಯದ್ದು ಅದಕ್ಕಿಂತ ದನಿ ಕೆಳಗಿರುವ ಟೆನರ್. ನನಗೆ ಓದಿ ಗೊತ್ತಾಗಿದ್ದು ಅದು.

ಮಳೆ ನಿಲ್ಲಲಿಲ್ಲ. ಕಮಾಸಿ ತನ್ನ ಅಜ್ಜಿಗಾಗಿ ಮಾಡಿದ ಹಾಡು ಬಂತು. ಹಾಡುವವಳ ಮಾತು ಅಪ್ಪನಿಗೆ ತಿಳಿಯದು, “ಇದು ಅವನ ಅಜ್ಜಿ ಬಗ್ಗೆ” ಅಂದೆ. ಅಪ್ಪ ಹೂಂ ಅನ್ನಲಿಲ್ಲ, ಇಯರ್‌ಫೋನ್ ತೆಗೆಯಲೂ ಇಲ್ಲ. ಹಾಡು ಮುಗಿದ ಮೇಲೆ ಕೇಳಿದರು:

“ಇನ್ನೂ ಎಷ್ಟಿದೆ?”

“ಒಂದು ಗಂಟೆ ಮೇಲೇ ಇದೆ.”

“ಇದೇನು ಯಕ್ಷಗಾನದ ಆಟವಾ, ಬೆಳಗಿನ ತನಕ?” ಅಂತ ಎದ್ದು ಟಾರ್ಪಾಲಿನ ಮೇಲೆ ನಿಂತ ನೀರು ಚೆಲ್ಲಲು ಹೋದರು.