‘ಸಾವಿಗೀಡಾದರು’ ಅಂತ ತಿದ್ದಿದ್ದು ನಾನೇ

ಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ. ಕಾಗುಣಿತ, ಒತ್ತಕ್ಷರ ನೋಡುವುದರ ಜೊತೆಗೆ, ಬರೆದವರ ದನಿ ಜಾಸ್ತಿ ಏರಿದ ಕಡೆ ಸ್ವಲ್ಪ ಇಳಿಸುವುದೂ ನಮ್ಮ ಕೆಲಸ ಅಂತ ತಿಳಿದಿದ್ದೆ.

ಒಮ್ಮೆ ನಿವೃತ್ತ ಮೇಷ್ಟ್ರೊಬ್ಬರ ಹಸ್ತಪ್ರತಿ ಬಂತು. ತಮ್ಮ ತಾಲ್ಲೂಕಿನ ಇತಿಹಾಸ ಬರೆದಿದ್ದರು. ಅದರಲ್ಲಿ 1876-78ರ ಬರದ ಮೇಲೊಂದು ಅಧ್ಯಾಯ. ಧಾತು, ಈಶ್ವರ ಅನ್ನೋ ಎರಡು ಸಂವತ್ಸರ ಕಾಡಿದ್ದಕ್ಕೆ ಹಿರಿಯರು ‘ಧಾತು ಈಶ್ವರ ಬರ’ ಅನ್ನುತ್ತಿದ್ದರಲ್ಲ, ಅದೇ. ಮೇಷ್ಟ್ರು ಕೊಟ್ಟ ತಲೆಬರಹ ‘ಬ್ರಿಟಿಷರ ನರಮೇಧ’. ನಾನು ಹೊಡೆದುಹಾಕಿ ‘ಭೀಕರ ಬರಗಾಲ’ ಅಂತ ಬರೆದೆ. ಒಳಗೆ ‘ಉಪವಾಸ ಕೆಡವಿ ಸಾಯಿಸಿದರು’ ಅಂತಿತ್ತು. ‘ಹಸಿವಿನಿಂದ ಸಾವಿಗೀಡಾದರು’ ಅಂತ ತಿದ್ದಿದೆ.

ಮೇಷ್ಟ್ರು ಕರಡು ಹಿಡಿದುಕೊಂಡು ಆಫೀಸಿಗೇ ಬಂದರು. ರೇಗಲಿಲ್ಲ. ನನ್ನ ಸಾಲುಗಳ ಮೇಲೆ ಬೆರಳಿಟ್ಟು ಓದಿದರು. “ಮಳೆ ಕೈಕೊಟ್ಟಿತು. ಬೆಳೆ ಒಣಗಿತು. ಜನ ಸಾವಿಗೀಡಾದರು. ಇದರಲ್ಲಿ ಸರ್ಕಾರ ಎಲ್ಲಿದೆಯಮ್ಮಾ?”

ನನ್ನ ಹತ್ತಿರ ಉತ್ತರ ಇರಲಿಲ್ಲ. “ಎರಡು ವಾರ ಕೊಡಿ ಮೇಷ್ಟ್ರೇ, ಓದಿಕೊಂಡು ಬರ್ತೀನಿ” ಅಂದೆ.

ಆಗ ಮೈಸೂರು ಬ್ರಿಟಿಷ್ ಕಮಿಷನರ್ ಕೈಯಲ್ಲಿತ್ತು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನ 50.55 ಲಕ್ಷ. 1881ರಲ್ಲಿ 41.86 ಲಕ್ಷ. ಹೆಚ್ಚಬೇಕಾದ ಲೆಕ್ಕ ಇಷ್ಟು ಕುಸಿದಿದೆ. ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿ, ಬೊಂಬಾಯಿ ಪ್ರಾಂತ್ಯದಲ್ಲಿದ್ದ ಧಾರವಾಡದ ಕಡೆಯೂ ಇದೇ ಗೋಳು.

ಮಳೆ ಹೋಗಿದ್ದು ನಿಜ. ಆದರೆ ಆ ವರ್ಷಗಳಲ್ಲೂ ದೇಶದ ಧಾನ್ಯ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಿತ್ತು. ವ್ಯಾಪಾರಕ್ಕೆ ಸರ್ಕಾರ ಕೈಹಾಕಬಾರದು ಅನ್ನೋದು ವೈಸರಾಯ್ ಲಿಟ್ಟನ್ ಪಟ್ಟು. 1877ರ ಜನವರಿ 1ಕ್ಕೆ ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಚಕ್ರವರ್ತಿನಿ ಅಂತ ಸಾರುವ ದರ್ಬಾರು ನಡೆಯಿತು. ಅದೇ ತಿಂಗಳು ಪರಿಹಾರದ ಖರ್ಚು ತಗ್ಗಿಸಲು ಲಿಟ್ಟನ್ ಸರ್ಕಾರ ಕಳಿಸಿದ ಅಧಿಕಾರಿ ರಿಚರ್ಡ್ ಟೆಂಪಲ್ ದಕ್ಷಿಣಕ್ಕೆ ಬಂದರು. ಬರದ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೊಂದಿಷ್ಟು ಚಿಲ್ಲರೆ ಕಾಸು ಅಂತ ಗೊತ್ತುಮಾಡಿದರು.

ಒಂದು ಪೌಂಡ್ ಅಂದರೆ ಸುಮಾರು 450 ಗ್ರಾಂ. ಅಡುಗೆಮನೆಯಲ್ಲಿ ಅಷ್ಟು ಅಕ್ಕಿ ತೂಗಿ ಮೊರಕ್ಕೆ ಸುರಿದು ನೋಡಿದೆ. ಮೊದಲು ‘ಸಾಕಲ್ವಾ?’ ಅನ್ನಿಸಿತು. ಆಮೇಲೆ ಬೇಳೆ ಇಲ್ಲದೆ, ಸೊಪ್ಪಿಲ್ಲದೆ, ಆಗಲೇ ಮೂಳೆಚಕ್ಕಳ ಆಗಿರೋ ಮೈಯಲ್ಲಿ ದಿನವಿಡೀ ಮಣ್ಣು ಅಗೆಯುವವನನ್ನು ನೆನೆಸಿಕೊಂಡೆ. ಮೊರದ ಮುಂದಿಂದ ಏಳಲಾಗಲಿಲ್ಲ. ಇಷ್ಟರಲ್ಲಿ ಜೀವ ನಿಲ್ಲುವುದಿಲ್ಲ ಅಂತ ಮದ್ರಾಸಿನ ಆರೋಗ್ಯ ಅಧಿಕಾರಿ ಡಾಕ್ಟರ್ ಕಾರ್ನಿಷ್ ಆಗಲೇ ಜಗಳ ತೆಗೆದಿದ್ದರು. ಕೆಲವು ತಿಂಗಳ ಮೇಲೆ ಕೂಲಿ ಏರಿಸಿದರು. ಅಷ್ಟರಲ್ಲಿ ಸತ್ತವರು ಸತ್ತಿದ್ದರು.

ನನ್ನ ಹೊಟ್ಟೆ ಉರಿದಿದ್ದು ಇನ್ನೊಂದಕ್ಕೆ. ಇದೇ ಟೆಂಪಲ್ 1873-74ರಲ್ಲಿ ಬಿಹಾರದ ಬರದಲ್ಲಿ ಬರ್ಮಾದಿಂದ ಅಕ್ಕಿ ತರಿಸಿ ಜನರನ್ನು ಉಳಿಸಿದ್ದರು. ದುಡ್ಡು ಜಾಸ್ತಿ ಸುರಿದರು ಅಂತ ಬೈಸಿಕೊಂಡಿದ್ದರು. ಅಂದರೆ ಉಳಿಸುವ ದಾರಿ ಗೊತ್ತಿತ್ತು.

ಇನ್ನು ತಲೆಬರಹ. ಎಲ್ಲಿ ತುಂಬ ಜನ ಸತ್ತರೂ ಪತ್ರಿಕೆಗಳಲ್ಲಿ ‘ನರಮೇಧ’ ಅಂತ ಹಾಕುತ್ತಾರೆ. ಆ ಪದವನ್ನು ‘ಜನಾಂಗ ಹತ್ಯೆ’ (ಜೆನೊಸೈಡ್) ಅನ್ನೋ ಅರ್ಥದಲ್ಲಿ ಬಳಸಬೇಕಾದರೆ 1948ರ ವಿಶ್ವಸಂಸ್ಥೆಯ ಒಪ್ಪಂದ ಕೇಳುವುದು ಬೇರೆಯೇ. ಒಂದು ಜನಾಂಗವನ್ನೋ ಧರ್ಮದವರನ್ನೋ ಪೂರ್ತಿಯಾಗಿ ಇಲ್ಲವೇ ಭಾಗಶಃ ಇಲ್ಲವಾಗಿಸುವ ಉದ್ದೇಶ ಇರಬೇಕು. ಬೇಕೆಂದೇ ಬದುಕಲಾಗದ ಸ್ಥಿತಿ ತಂದಿಡುವುದೂ ಅದರಲ್ಲಿ ಸೇರುತ್ತದೆ. ಇಲ್ಲಿ ಆ ಉದ್ದೇಶ ನನಗೆ ಕಾಣಲಿಲ್ಲ. ಅರೆಹೊಟ್ಟೆಯದ್ದಾದರೂ ಶಿಬಿರ ತೆರೆದಿದ್ದರು, ಕೋಟಿಗಟ್ಟಲೆ ಖರ್ಚೂ ಮಾಡಿದ್ದರು. ಹಾಗಂತ ತಪ್ಪಿನ ಭಾರ ಒಂದು ಗುಲಗಂಜಿಯಷ್ಟೂ ಇಳಿಯುವುದಿಲ್ಲ. ಜನರ ಜೀವಕ್ಕಿಂತ ಖಜಾನೆ ಹೆಚ್ಚು ಅಂತ ಗೊತ್ತಿದ್ದೇ ತೀರ್ಮಾನ ಮಾಡಿದರು. ನಾನು ಆ ತೀರ್ಮಾನವನ್ನೇ ವಾಕ್ಯದಿಂದ ಅಳಿಸಿದ್ದೆ.

ಇದನ್ನೆಲ್ಲ ಮೇಷ್ಟ್ರಿಗೆ ಹೇಳಿ, ಕ್ಷಮೆ ಕೇಳಿದೆ. ಇಬ್ಬರೂ ಕೂತು ಅಧ್ಯಾಯ ತಿದ್ದಿದೆವು. ‘ಧಾನ್ಯ ಕೊಳ್ಳಲು ಜನರ ಕೈಯಲ್ಲಿ ಕಾಸಿರಲಿಲ್ಲ. ಸರ್ಕಾರ ಬೆಲೆ ತಡೆಯಲಿಲ್ಲ. ಟೆಂಪಲ್ ಕೂಲಿ ಇಳಿಸಿದರು.’ ಹೀಗೆ ಮಾಡಿದವರೆಲ್ಲ ಒಬ್ಬೊಬ್ಬರಾಗಿ ಸಾಲಿಗೆ ವಾಪಸ್ ಬಂದರು. ಈಗ ಯಾವ ಕರಡಿನಲ್ಲಿ ‘ಬಲಿಯಾದರು’, ‘ಸಾವಿಗೀಡಾದರು’ ಕಂಡರೂ ಅಂಚಿನಲ್ಲಿ ಪೆನ್ಸಿಲಿನಿಂದ ‘ಯಾರು ಏನು ಮಾಡಿದರು?’ ಅಂತ ಬರೆದು ಲೇಖಕರಿಗೆ ಕಳಿಸುತ್ತೇನೆ.

ತಲೆಬರಹ ‘ಧಾತು ಈಶ್ವರ ಬರ’ ಅಂತ ಆಯಿತು. ಮೇಷ್ಟ್ರು ಅರೆಮನಸ್ಸಿನಿಂದ ಒಪ್ಪಿದರು. ಎರಡನೇ ಮುದ್ರಣಕ್ಕೆ ಮತ್ತೆ ಕೂತು ಮಾತಾಡೋಣ ಅಂದಿದ್ದಾರೆ.