ಕರಾವಳಿಯ ಗದ್ದೆ-ತೋಟದ ಮಾದರಿ: ಪ್ಲೈವುಡ್ ಕೊಯ್ಯುವ ಮೊದಲು ತಿಂಗಳು ಗೊತ್ತು ಮಾಡಿ

ಡಿಸೆಂಬರಿನ ಕ್ರಿಸ್ಮಸ್ ಗೋದಲಿ, ಶಾಲೆಯ ವಸ್ತುಪ್ರದರ್ಶನ, ಹೋಟೆಲಿನ ಗಾಜಿನ ಪೆಟ್ಟಿಗೆ, ಮ್ಯೂಸಿಯಂ: ಎಲ್ಲಿಗೇ ಆಗಲಿ, ಮಾದರಿ ಹಳ್ಳಿ ಮಾಡಿಸುವವರು ಕೇಳುವುದು ಹೆಚ್ಚುಕಡಿಮೆ ಒಂದೇ. ಮಳೆಗಾಲದ ನಟ್ಟಿ ನಡೆಯುವ ಹಸಿರು ಗದ್ದೆ, ಅಡಿಕೆ ತೋಟ, ಹಂಚಿನ ಮನೆ, ಅಂಗಳದಲ್ಲಿ ಒಣಗುವ ಅಡಿಕೆ, ಪಕ್ಕದಲ್ಲಿ ಹುಲ್ಲಿನ ಕುತ್ರಿ (ಬಣವೆ), ಒಂದು ಕಂಬಳ. ಇದೆಲ್ಲ ಒಂದೇ ದಿನ ಒಂದೇ ಊರಿನಲ್ಲಿ ಕಾಣುವುದಿಲ್ಲ. ಮಂಗಳೂರು, ಉಡುಪಿ ಕಡೆಯ ಕೃಷಿಕರು ಮಾದರಿಯ ಮುಂದೆ ನಿಂತು "ಏನೋ ಸರಿಯಿಲ್ಲ" ಅಂದರೆ ಕೈಕೆಲಸದಲ್ಲಿ ಕುಂದಿದೆ ಎಂದೇ ಅಲ್ಲ. ಎರಡು ತಿಂಗಳು ಬೆರೆತುಹೋಗಿರುವುದೇ ಹೆಚ್ಚು. ಮಳೆಗಾಲದ ಏಣಿಲು ಬೆಳೆಯ ನೇಜಿ (ಭತ್ತದ ಸಸಿ) ನೆಡುವುದು ಜೂನ್-ಜುಲೈಯಲ್ಲಿ. ಅಡಿಕೆ ಅಂಗಳಕ್ಕೆ ಬರುವುದು ಮಳೆ ಪೂರ್ತಿ ಹೋದ ಮೇಲೆ, ಚಾಲಿ (ಒಣಗಿದ ಬಿಳಿ ಅಡಿಕೆ) ಆಗಲು ಅದಕ್ಕೆ ಸುಮಾರು 40-45 ದಿನ ಬಿಸಿಲು ಬೇಕು. ಹೊಸ ಕುತ್ರಿ ಏಳುವುದು ಅಕ್ಟೋಬರದ ಏಣಿಲು ಕೊಯ್ಲಿನ ನಂತರ. ಆದ್ದರಿಂದ ಆರ್ಡರ್ ಹಿಡಿದ ಕೂಡಲೇ ತಿಂಗಳನ್ನೂ ಕಾಲವನ್ನೂ ಹಾಳೆಯ ಮೇಲೆ ಬರೆದಿಡಿ: "ಜುಲೈ ಮೊದಲ ವಾರ, 1970ರ ಆಸುಪಾಸು" ಎಂಬಂತೆ. ಮುಂದಿನ ಬಣ್ಣ, ನೀರು, ಬಟ್ಟೆ, ಯಂತ್ರ ಎಲ್ಲವೂ ಅದರಿಂದಲೇ ಹುಟ್ಟುತ್ತದೆ.

ಎರಡನೆಯದು ಅಳತೆ. 1:72 ಈ ಕೆಲಸಕ್ಕೆ ಒಳ್ಳೆಯ ಪ್ರಮಾಣ: ಜನ, ಎತ್ತು, ವಾಹನ ಸಿದ್ಧವಾಗಿ ಸಿಗುತ್ತವೆ, ಎಲೆಯ ಆಕಾರವೂ ಕಣ್ಣಿಗೆ ಕಾಣುತ್ತದೆ. ಆದರೆ 60 × 90 ಸೆಂ.ಮೀ ಹಲಗೆ ಅಂದರೆ ನಿಜ ನೆಲದಲ್ಲಿ 43 × 65 ಮೀಟರ್, ಸುಮಾರು 69 ಸೆಂಟ್ಸ್ ಜಾಗ ಮಾತ್ರ. ಅದರಲ್ಲಿ ಒಂದು ಮನೆ, ನಾಲ್ಕೈದು ಗದ್ದೆ, ತೋಟದ ಒಂದು ಮೂಲೆ ಹಿಡಿದರೆ ಮುಗಿಯಿತು. ಕಂಬಳದ ಕರೆ (ಕೋಣಗಳನ್ನು ಓಡಿಸುವ ಕೆಸರಿನ ಹಾದಿ) ಸಣ್ಣದೆಂದರೂ 120 ಮೀಟರ್ ಇರುತ್ತದೆ, ಮಾದರಿಯಲ್ಲಿ 1.67 ಮೀಟರ್. ಅದಕ್ಕೆ ಬೇರೆಯೇ ಹಲಗೆ ಬೇಕು. ಕುಗ್ಗಿಸಿ ಕೂರಿಸಿದ ಕರೆ ಕೋಣಗಳು ನಾಲ್ಕು ಹೆಜ್ಜೆಯಲ್ಲಿ ದಾಟುವ ಹೊಂಡದ ಹಾಗೆ ಕಾಣುತ್ತದೆ.

ನೆಲದ ಏರಿಳಿತ ನಮ್ಮ ಸೀಮೆಯ ಗುರುತು. ತಳದಲ್ಲಿ ಬೈಲು, ಅದರ ಮೇಲೆ ಮಜಲು, ಎತ್ತರದಲ್ಲಿ ಬೆಟ್ಟು. ಬೈಲಿನಲ್ಲಿ ಏಣಿಲು, ಅದರ ನಂತರದ ಸುಗ್ಗಿ, ಬೇಸಗೆಯ ಕೊಳಕೆ ಮೂರೂ ಬೆಳೆ ಸಾಧ್ಯ, ಮಜಲಿನಲ್ಲಿ ಎರಡು, ಬೆಟ್ಟಿನಲ್ಲಿ ಮಳೆಯ ಒಂದೇ ಬೆಳೆ. ಹಾಗಾಗಿ ಫೆಬ್ರವರಿ ತಿಂಗಳ ಮಾದರಿಯಲ್ಲಿ ಬೈಲು ಮಾತ್ರ ಹಸಿರು, ಬೆಟ್ಟು ಗದ್ದೆ ಒಣ ಕೂಳೆ. ಎಲ್ಲ ಗದ್ದೆಗೂ ಒಂದೇ ಹಸಿರು ಬಳಿದರೆ ನೀರಿನ ಕಥೆಯೇ ಹೋಯಿತು. 12 ಮಿ.ಮೀ ಮೆರೈನ್ ಪ್ಲೈ ಮೇಲೆ 25 ಮಿ.ಮೀ ಗಟ್ಟಿ ಫೋಮ್ ಹಾಳೆ ಅಂಟಿಸಿ ಮೆಟ್ಟಿಲು ಕೊಯ್ಯಿರಿ. ಮಜಲಿನ ಎರಡು ಗದ್ದೆಗಳ ನಡುವಿನ ಎತ್ತರ ಸುಮಾರು ಎರಡು-ಮೂರು ಅಡಿ, ಅಂದರೆ 8ರಿಂದ 13 ಮಿ.ಮೀ. ಹುಣಿಯ (ಗದ್ದೆಯ ಬದುವಿನ) ಅಗಲ 5 ಮಿ.ಮೀ, ಎತ್ತರ 3-4 ಮಿ.ಮೀ ಸಾಕು. ಹೊಸಬರ ಹುಣಿ ಯಾವಾಗಲೂ ದಪ್ಪವಾಗುತ್ತದೆ, 15 ಮಿ.ಮೀ ಹುಣಿ ಎಂದರೆ ಒಂದು ಮೀಟರಿಗಿಂತ ಅಗಲ, ಅಷ್ಟು ಜಾಗವನ್ನು ಯಾವ ಗದ್ದೆಯವನೂ ಬಿಡುವುದಿಲ್ಲ. ಪ್ರತಿ ಹುಣಿಯಲ್ಲೂ ನೀರು ಕೆಳಗಿನ ಗದ್ದೆಗೆ ಇಳಿಯಲು ಒಂದು ಕಂಡಿ ಬಿಡಿ. ಕೊನೆಯ ಗದ್ದೆಯ ನೀರು ತೋಡಿಗೆ (ಹಳ್ಳಕ್ಕೆ) ಸೇರಲೇಬೇಕು.

ಇನ್ನು ನೀರು. ಅತಿ ಹೆಚ್ಚು ಮಾದರಿ ಕೆಡುವುದು ಇಲ್ಲೇ. ನಟ್ಟಿಯಾದ ಗದ್ದೆಯಲ್ಲಿ ನಿಲ್ಲುವ ನೀರು ಸುಮಾರು 5 ಸೆಂ.ಮೀ, 1:72ರಲ್ಲಿ 0.7 ಮಿ.ಮೀ. ರೆಸಿನ್ ಬಾಟಲಿ ಕೈಯಲ್ಲಿದೆ ಎಂದು 5 ಮಿ.ಮೀ ಸುರಿದರೆ ಅದು 36 ಸೆಂ.ಮೀ ನೀರು, ನೇಜಿ ಮುಳುಗಿ ಕೊಳೆಯುವ ನೆರೆ. ಮುಕ್ಕಾಲು ಮಿ.ಮೀ ತೆಳುವಿಗೆ ಎಪಾಕ್ಸಿ ಸುರಿದರೆ ಅದು ಸಮನಾಗಿ ಹರಡದೆ ಅಲ್ಲಲ್ಲಿ ಹಿಂಜರಿದು ತೂತಾಗುತ್ತದೆ. ಹಾಗಾಗಿ ಗದ್ದೆಗೆ ಎಪಾಕ್ಸಿ ಬೇಡ, ಅಕ್ರಿಲಿಕ್ ಗ್ಲಾಸ್ (gloss, ಹೊಳಪಿನ) ಮೀಡಿಯಂ ಸಾಕು. ಎರಡು-ಮೂರು ಸಲ, ತೆಳುವಾಗಿ, ಸಿರಿಂಜಿನಿಂದ ಬಿಡಿ. ಬ್ರಷ್ ಆಡಿಸಿದರೆ ನೆಟ್ಟ ಪೈರು ಏಳುತ್ತದೆ. ಹಾಕುವಾಗ ಹಾಲಿನ ಬಣ್ಣ, ಒಣಗಿದರೆ ತಿಳಿ. ಮಳೆಗಾಲದಲ್ಲಿ ಒಂದು ಪದರ ಒಣಗಲು ಇಡೀ ದಿನ ಹಿಡಿಯಬಹುದು; ಅವಸರದಲ್ಲಿ ಮೇಲಿನದು ಹಾಕಿದರೆ ಕೆಳಗಿನ ಬಿಳಿ ಒಳಗೇ ಸಿಕ್ಕಿ ಗದ್ದೆ ಗಂಜಿನೀರಿನಂತೆ ಉಳಿದುಬಿಡುತ್ತದೆ. ತಳಕ್ಕೆ ನೀಲಿ ಬಣ್ಣ ಯಾವತ್ತೂ ಬೇಡ. ಕಡು ಕಂದು, ಹುಣಿಯ ಹತ್ತಿರ ಸ್ವಲ್ಪ ಕೆಂಪು. ನೀಲಿಯನ್ನು ಮೇಲಿನ ದೀಪ ತಾನೇ ಕೊಡುತ್ತದೆ. ಉಳುವ ಗದ್ದೆಯ ನೀರು ಮಾತ್ರ ಕಲಕಿದ ಕೆಂಗಂದು: ಮೀಡಿಯಂಗೇ ಬಣ್ಣ ಬೆರೆಸಿ.

ಕೆರೆಗೂ ತೋಡಿಗೂ ಎಪಾಕ್ಸಿ ಸರಿ. ಒಮ್ಮೆಗೆ 3 ಮಿ.ಮೀ ದಾಟಬೇಡಿ. ರೆಸಿನ್ ಮತ್ತು ಹಾರ್ಡನರನ್ನು ಬಾಟಲಿಯಲ್ಲಿ ತೂಕಕ್ಕೆ ಹೇಳಿದ ಪ್ರಮಾಣದಲ್ಲೇ ತೂಕದ ಯಂತ್ರದಲ್ಲಿ ಅಳೆಯಿರಿ. ಕಣ್ಣಂದಾಜಿನಲ್ಲಿ ಬೆರೆಸಿದ್ದು ವಾರವಾದರೂ ಅಂಟಂಟು. ತಳಕ್ಕೆ ನೀರು ಬೆರೆಸಿದ ಫೆವಿಕಾಲ್ ಎರಡು ಕೋಟ್ ಕೊಟ್ಟು ಒಣಗಿಸದಿದ್ದರೆ ಪ್ಲಾಸ್ಟರಿನೊಳಗಿನ ಗಾಳಿ ಗುಳ್ಳೆಯಾಗಿ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಹವೆಯ ತೇವಕ್ಕೆ ಎಪಾಕ್ಸಿಯ ಮೇಲೆ ಜಿಡ್ಡಿನಂಥ ಮಬ್ಬು ಪೊರೆ ಕಟ್ಟುವುದುಂಟು. ಎಸಿ ಕೋಣೆಯಲ್ಲಿ ಮುಚ್ಚಿಟ್ಟು ಗಟ್ಟಿಯಾಗಿಸಿ. ಪೊರೆ ಬಂದೇಬಿಟ್ಟರೆ ಉಗುರುಬೆಚ್ಚನೆ ಸಾಬೂನು ನೀರಿನಲ್ಲಿ ಒರೆಸಿ, ಒಣಗಿಸಿ, ಮೇಲೆ ವಾರ್ನಿಷ್ ಕೊಡಿ. ಫೈಬರ್ ಗ್ಲಾಸ್ ಅಂಗಡಿಯ ಪಾಲಿಯೆಸ್ಟರ್ ರೆಸಿನ್ ಅಗ್ಗವೆಂದು ತರಬೇಡಿ, ಅದು ಥರ್ಮೊಕೋಲನ್ನು ಕರಗಿಸುತ್ತದೆ. ಸ್ಪ್ರೇ ಪೇಂಟ್ ಕೂಡ ಹಾಗೆಯೇ.

ಪೈರು ನೆಡುವುದು ತಾಳ್ಮೆಯ ಕೆಲಸ, ಅದಕ್ಕೊಂದು ಉಪಾಯವಿದೆ. ಕೈನಟ್ಟಿಯ ಬುಡದಿಂದ ಬುಡಕ್ಕೆ ಸುಮಾರು 20 ಸೆಂ.ಮೀ, ಮಾದರಿಯಲ್ಲಿ 2.8 ಮಿ.ಮೀ. ಕಿಟಕಿಗೆ ಹಾಕುವ ಸೊಳ್ಳೆ ಜಾಲರಿಯ ಕಣ್ಣು ಸುಮಾರು ಒಂದೂವರೆ ಮಿ.ಮೀ; ಒಂದು ಕಣ್ಣು ಬಿಟ್ಟು ಒಂದಕ್ಕೆ ಅಂಟು ಚುಕ್ಕೆ ಇಟ್ಟರೆ ಅಳತೆ ತಾನಾಗಿ ಕೂರುತ್ತದೆ. ಹಲಗೆಯ ಮೇಲೆ ನೇರವಾಗಿ ಮಾಡಬೇಡಿ. ಗದ್ದೆಯ ಆಕಾರಕ್ಕೆ ಅರ್ಧ ಮಿ.ಮೀ ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಕೆಸರಿನ ಬಣ್ಣ ಬಳಿದು, ಜಾಲರಿ ಇಟ್ಟು ಸಪೂರ ಸೂಜಿಯಿಂದ ಚುಕ್ಕೆ ಇಡಿ, ಜಾಲರಿ ತೆಗೆಯಿರಿ, ಸ್ಟಾಟಿಕ್ ಗ್ರಾಸ್ ಯಂತ್ರದಲ್ಲಿ (ಸ್ಥಿರವಿದ್ಯುತ್ತಿನಿಂದ ಹುಲ್ಲಿನಂಥ ನಾರಿನ ಎಳೆಯನ್ನು ನೆಟ್ಟಗೆ ನಿಲ್ಲಿಸುವಂಥದ್ದು) 4 ಮಿ.ಮೀ ಎಳೆ ಉದುರಿಸಿ. 4 ಮಿ.ಮೀ ಅಂದರೆ 29 ಸೆಂ.ಮೀ, ಬೇರು ಹಿಡಿದ ನೇಜಿಯ ಎತ್ತರ. ಚುಕ್ಕೆಗಳು ಒಂದಕ್ಕೊಂದು ತಾಗದ ಕಾರಣ ಯಂತ್ರದ ಕ್ಲಿಪ್ಪನ್ನು ಅಂಟಿಗೆ ಸಿಕ್ಕಿಸಿ ಪ್ರಯೋಜನವಿಲ್ಲ, ಎಳೆ ಮಲಗಿಬಿಡುತ್ತದೆ. ಹಾಳೆಯ ಅಡಿಗೆ ಅಲ್ಯೂಮಿನಿಯಂ ಫಾಯಿಲ್ ಹಾಸಿ ಕ್ಲಿಪ್ಪನ್ನು ಅದಕ್ಕೆ ಕೊಡಿ. 5 ಸೆಂ.ಮೀ ಚೌಕಕ್ಕೇ ಮುನ್ನೂರಕ್ಕೂ ಹೆಚ್ಚು ಚುಕ್ಕೆ ಬರುತ್ತದೆ, ಅಂಟು ಆರುವ ಮೊದಲು ಅಷ್ಟನ್ನೇ ಮುಗಿಸಿ ಮುಂದಕ್ಕೆ ಹೋಗಿ. ಒಣಗಿದ ಮೇಲೆ ಹಾಳೆ ಮಗುಚಿ ತಟ್ಟಿದರೆ ಸಡಿಲ ಎಳೆ ಉದುರುತ್ತದೆ. ಸಾಲು ಬಾಣದಂತೆ ನೇರವಾಗಿದ್ದರೆ ಅದು ಯಂತ್ರದ ನಾಟಿ: ಆಗ ಸಾಲಿನ ಅಂತರ 24ರಿಂದ 30 ಸೆಂ.ಮೀ, ಮಾದರಿಯಲ್ಲಿ 3.3ರಿಂದ 4.2 ಮಿ.ಮೀ. ಕೈನಟ್ಟಿಗೆ ಜಾಲರಿಯನ್ನು ಸ್ವಲ್ಪ ಓರೆ ಎಳೆದು ಸಾಲು ಸೊಟ್ಟ ಮಾಡಿ. 1970ರ ಗದ್ದೆಯಲ್ಲಿ ಯಂತ್ರದ ಸಾಲೂ ಬೇಡ, ನೆಡುವವರ ಮೇಲೆ ಪ್ಲಾಸ್ಟಿಕ್ ಹೊದಿಕೆಯೂ ಬೇಡ, ಎಲೆಯಲ್ಲಿ ಹೆಣೆದ ಗೊರಬು ಬೇಕು. ಒಂದು ಮೂಲೆಯಲ್ಲಿ ಅರ್ಧ ಕಿತ್ತ ನೇಜಿ ಮಡಿ ಇರಲಿ, ಒತ್ತೊತ್ತಾಗಿ, ಹಳದಿ ಬೆರೆತ ಹಸಿರಿನಲ್ಲಿ. ಅದಿಲ್ಲದೆ ನಟ್ಟಿಗೆ ಪೈರು ಬಂದದ್ದೆಲ್ಲಿಂದ?

ಅಡಿಕೆ ತೋಟಕ್ಕೆ ಹಿಡಿಸೂಡಿ (ಪೊರಕೆ) ಕಡ್ಡಿಗಿಂತ ಒಳ್ಳೆಯ ವಸ್ತು ಸಿಗಲಾರದು. ಮರದ ದಪ್ಪ ಸುಮಾರು 15 ಸೆಂ.ಮೀ, ಮಾದರಿಯಲ್ಲಿ 2 ಮಿ.ಮೀ, ತೆಂಗಿನ ಗರಿಯ ಕಡ್ಡಿಯ ಬುಡ ಅಷ್ಟೇ, ತುದಿಗೆ ಹೋದಂತೆ ತಾನೇ ಸಪೂರ. 12 ಮೀಟರ್ ಮರಕ್ಕೆ 16-17 ಸೆಂ.ಮೀ ಕಡ್ಡಿ. ಅದನ್ನು ಡ್ರಿಲ್ಲಿಗೆ ಸಿಕ್ಕಿಸಿ ನಿಧಾನ ತಿರುಗಿಸಿ, ಬೂದು ಬಣ್ಣ ಬಳಿದು, ಒಂದೂವರೆ-ಎರಡು ಮಿ.ಮೀಗೊಮ್ಮೆ ಸಪೂರ ಪೆನ್ ತಾಗಿಸಿದರೆ ಗಂಟಿನ ಬಳೆಗಳು ಬರುತ್ತವೆ. ತುದಿಯಲ್ಲಿ ಅಡಿಕೆ ಹಾಳೆ ಸುತ್ತಿದ ನುಣುಪಾದ ಹಸಿರು ಭಾಗವಿದೆಯಲ್ಲ, ಅದಕ್ಕೆ ಮನೆ ವಯರಿಂಗಿನ ಒಂದು ಚದರ ಮಿ.ಮೀ ಹಸಿರು ವಯರಿನ ಸಿಪ್ಪೆ 12-14 ಮಿ.ಮೀ ಕತ್ತರಿಸಿ ತೂರಿಸಿ. ಅದರ ಮೇಲೆ ಕಾಗದದ ಎಂಟು-ಹತ್ತು ಸೋಗೆ (ಗರಿ), ತಲಾ 28 ಮಿ.ಮೀ. ಗೊನೆ ಎಲ್ಲಿ ಕಟ್ಟಬೇಕು ಎಂಬುದರಲ್ಲೇ ಬಹಳಷ್ಟು ಮಾದರಿ ಸೋಲುತ್ತವೆ. ತೆಂಗಿನ ಗೊನೆ ಗರಿಗಳ ಸಂದಿನಲ್ಲಿ, ಅಡಿಕೆ ಗೊನೆ ಆ ಹಸಿರು ಭಾಗದ ಕೆಳಗೆ. ತೆಂಗು ಬಾಗಬಹುದು, ಅಡಿಕೆ ನೆಟ್ಟಗೆ. ಅಂತರ 2.7 ಮೀಟರ್, ಅಂದರೆ 37.5 ಮಿ.ಮೀ ಚೌಕ, ಕಾಗದದಲ್ಲಿ ಚೌಕಳಿ ಬರೆದು 2 ಮಿ.ಮೀ ತೂತು ಕೊರೆಯಿರಿ. ಸತ್ತ ಮರದ ಜಾಗ ಒಂದೆರಡು ಖಾಲಿ ಬಿಟ್ಟು ಅಲ್ಲಿ ಸಣ್ಣ ಸಸಿ ಇಡಿ, ನಿಜ ತೋಟಗಳು ಹಾಗೆಯೇ ಇರುತ್ತವೆ. ಜುಲೈ ತೋಟವಾದರೆ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಬಿಟ್ಟಿರುತ್ತಾರೆ: 100 ಲೀಟರ್ ನೀರಿಗೆ ಒಂದು ಕೆ.ಜಿ ಮೈಲುತುತ್ತು, ಒಂದು ಕೆ.ಜಿ ಸುಣ್ಣ. ಅದರ ತಿಳಿ ನೀಲಿ ಕಲೆ ಗೊನೆಯ ಮೇಲೂ ಕಾಂಡದ ಮೇಲೂ ಉಳಿಯುತ್ತದೆ. ಒಣ ಬ್ರಷ್ಷಿನಲ್ಲಿ ಅಷ್ಟು ನೀಲಿ ತಾಗಿಸಿದರೆ ಅಡಿಕೆ ಬೆಳೆಯುವವರು ಮಾದರಿಯ ಹತ್ತಿರ ಬಗ್ಗಿ ನೋಡುತ್ತಾರೆ.

ಮನೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅಳತೆ ತೆಗೆಯಲು ಮಂಗಳೂರಿನ ಪಿಲಿಕುಳದ ಗುತ್ತಿನ ಮನೆ (ತುಳುನಾಡಿನ ಹಳೆಯ ಮಾದರಿಯ ದೊಡ್ಡ ಮನೆ) ಹತ್ತಿರದಲ್ಲೇ ಇದೆ. ಮಂಗಳೂರು ಹಂಚಿನ ಸಾಲು ರೀಪಿನಿಂದ ರೀಪಿಗೆ (ಹಂಚು ಕೂರುವ ಮರದ ಪಟ್ಟಿಗಳ ನಡುವೆ) ಸುಮಾರು 32 ಸೆಂ.ಮೀ, ಮಾದರಿಯಲ್ಲಿ 4.4 ಮಿ.ಮೀ. ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅದಕ್ಕೂ ಹಿಂದಿನ ಕಾಲದ ಮನೆ ಕೇಳಿದರೆ ಮಾಡಿಗೆ (ಛಾವಣಿಗೆ) ಹುಲ್ಲು ಹೊದೆಸಿ. ಕೆಂಪುಕಲ್ಲಿನ ಗೋಡೆಗೆ ಫೋಮಿನ ಮೇಲೆ ತಂತಿ ಬ್ರಷ್ ಕುಕ್ಕಿ, ಇಟ್ಟಿಗೆ ಕೆಂಪು ಬಳಿದು, ಗುಂಡಿಗಳಿಗೆ ಕಂದು ನೀರು ಇಳಿಸಿ, ಮೇಲೆ ಹಳದಿ ಮಣ್ಣಿನ ಬಣ್ಣ ತೇಲಿಸಿ. ಮಳೆಗೆ ಮೈಯೊಡ್ಡಿದ ಪಾಗಾರದ ತಲೆ ಕಪ್ಪು, ಬುಡದಲ್ಲಿ ಪಾಚಿ. ಕಲ್ಲು ಕೊಯ್ಯುವ ಜಾಗದ ಹುಡಿಯನ್ನೇ ಜರಡಿ ಹಿಡಿದು ಬಳಸಬಹುದು, ಆದರೆ ಅಂಟು ತಾಗಿದ ಮಣ್ಣು ಒಣಗಿದ ಮೇಲೂ ಕಪ್ಪಾಗಿಯೇ ಇರುತ್ತದೆ. ಮಳೆಗಾಲದ ದೃಶ್ಯಕ್ಕೆ ಅದು ಅನುಕೂಲ, ಮಾರ್ಚಿನ ಅಂಗಳಕ್ಕೆ ಬಣ್ಣವೇ ಸರಿ.

ಕೊನೆಗೆ ಬೂಸ್ಟು. ಕಡ್ಡಿ, ಸೆಣಬು, ಮರದ ಹುಡಿ, ಮಣ್ಣು ಯಾವುದನ್ನೂ ಹಸಿಯಾಗಿ ಬಳಸಬೇಡಿ. ಓವನ್ನಿನಲ್ಲಿ 100 ಡಿಗ್ರಿಗೆ ಒಂದು ಗಂಟೆ ಇಡಿ. ಕಡ್ಡಿ ಮತ್ತು ನಾರನ್ನು ಅದಕ್ಕೂ ಮೊದಲು ಲೀಟರ್ ನೀರಿಗೆ 40 ಗ್ರಾಂ ಬಿಳಿಗಾರ (ಬೋರಾಕ್ಸ್) ಕರಗಿಸಿ ಅದ್ದಿ ತೆಗೆಯಿರಿ. ತೆನೆಗೆ ರವೆ, ರಾಶಿಗೆ ಸಾಸಿವೆ ಎಂದು ಅಡುಗೆಮನೆಗೆ ಕೈ ಹಾಕಿದರೆ ಗಾಜಿನ ಪೆಟ್ಟಿಗೆಯೊಳಗೂ ಇರುವೆ ಬರುತ್ತದೆ; ಚಹಾ ಸೋಸುವ ಜರಡಿಯಲ್ಲಿ ಇಳಿದ ಮರದ ಹುಡಿ ಸಾಕು. ಮೈದಾ ಅಂಟೂ ಬೇಡ. ಪ್ಲೈಯ ಅಡಿಭಾಗಕ್ಕೂ ನಾಲ್ಕು ಅಂಚಿಗೂ ವಾರ್ನಿಷ್ ಬಳಿಯದಿದ್ದರೆ ಮೊದಲ ಮಳೆಗಾಲದಲ್ಲೇ ಹಲಗೆ ಬಾಗಿ, ಕೆರೆಯ ರೆಸಿನ್ ದಡದಿಂದ ಕಿತ್ತು ಬರುತ್ತದೆ. ಗಾಜಿನ ಪೆಟ್ಟಿಗೆಯ ಹಿಂದಿನ ಮೂಲೆಯಲ್ಲಿ ಸಿಲಿಕಾ ಜೆಲ್ ಇಡಲು ಸಣ್ಣ ಗೂಡು ಬಿಡಿ. ಅದನ್ನು ಆಗಾಗ ತೆಗೆದು ಒಣಗಿಸಿ ಇಡಬೇಕೆಂದು ಮಾಲು ಒಪ್ಪಿಸುವಾಗಲೇ ಬರೆದು ಕೊಡಿ.