ಬಿ.ಟಿ.ಎಸ್. ಕೆಂಪು ಬಸ್ಸು, 1:25 ಮಾದರಿ: ಬಾಡಿ ಮುಗಿದಿದೆ, ಬೋರ್ಡು ಬಾಕಿ

ಕಟ್ಟುತ್ತಿರುವುದು 1980ರ ದಶಕದ ಬೆಂಗಳೂರು ಸಿಟಿ ಬಸ್ಸು, ಅಶೋಕ್ ಲೇಲ್ಯಾಂಡ್ ವೈಕಿಂಗ್ ಚಾಸಿಯದು. ಡಬಲ್ ಡೆಕ್ಕರ್ ಯಾಕಲ್ಲ ಎಂದರೆ, ಅದರ ಮಾದರಿ ಕಟ್ಟುವವರು ಬೇಕಾದಷ್ಟು ಜನ ಇದ್ದಾರೆ. 1956ರಲ್ಲಿ ಬಿ.ಟಿ.ಸಿ. (ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ) ಸರ್ಕಾರದ ಕೈಗೆ ಬಂದು ಬಿ.ಟಿ.ಎಸ್. (ಬೆಂಗಳೂರು ಟ್ರಾನ್ಸ್‌ಪೋರ್ಟ್ ಸರ್ವಿಸ್) ಆದಾಗಿನಿಂದ 1997ರಲ್ಲಿ ಬಿಎಂಟಿಸಿ ಬೇರೆಯಾಗುವ ತನಕ ಊರನ್ನು ಹೊತ್ತು ತಿರುಗಿದ್ದು ಹೆಚ್ಚಾಗಿ ಒಂದೇ ಅಂತಸ್ತಿನ ಬಸ್ಸು. ಅದನ್ನು ಯಾರೂ ಕಟ್ಟುವುದಿಲ್ಲ. 1:25 ಆರಿಸಿದ್ದು ಲೆಕ್ಕ ಸಲೀಸು ಅಂತ: ನಿಜದ ಒಂದು ಮೀಟರು ಇಲ್ಲಿ 40 ಮಿ.ಮೀ.

ಅಳತೆ

ನಕ್ಷೆ ಇಲ್ಲ, ಇರುವುದು ಹಳೆಯ ಫೋಟೋಗಳು. ಫೋಟೋದಿಂದ ಅಳತೆ ತೆಗೆಯಲು ಗೊತ್ತಿರುವ ಒಂದು ಉದ್ದ ಬೇಕು. ವೈಕಿಂಗ್‌ನ ವೀಲ್‌ಬೇಸ್ (ಮುಂದಿನ, ಹಿಂದಿನ ಆಕ್ಸಲ್ಲುಗಳ ನಡುವಿನ ದೂರ) 222 ಇಂಚು, ಅಂದರೆ 5639 ಮಿ.ಮೀ. ಮಾದರಿಯಲ್ಲಿ 225.5. ಬಸ್ಸನ್ನು ನೇರ ಪಕ್ಕದಿಂದ ತೆಗೆದ ಫೋಟೋ ಸಿಕ್ಕರೆ ಮಾತ್ರ ಇದನ್ನು ಅಳತೆಗೋಲು ಮಾಡಿಕೊಳ್ಳಬಹುದು. ಓರೆಯಾಗಿ ತೆಗೆದದ್ದರಲ್ಲಿ ದೂರದ ಚಕ್ರ ಚಿಕ್ಕದಾಗಿ ಕಾಣುತ್ತದೆ, ಹಿಂಭಾಗದ ಅಳತೆಯೆಲ್ಲ ಕುಗ್ಗುತ್ತದೆ. ಎರಡನೆಯ ಅಳತೆಗೋಲು ಟೈರು. 10.00-20 ಸೈಜಿನ ಟೈರಿನ ಹೊರವ್ಯಾಸ ಸುಮಾರು 1050 ಮಿ.ಮೀ., ಮಾದರಿಯಲ್ಲಿ 42. ಇದನ್ನು ಅಡ್ಡಡ್ಡ ಅಳೆಯಬೇಕು. ಮೇಲಿಂದ ಕೆಳಕ್ಕೆ ಅಳೆದರೆ ಭಾರಕ್ಕೆ ಅಮುಕಿದ ಟೈರು ಲೆಕ್ಕ ತಪ್ಪಿಸುತ್ತದೆ. ಎರಡೂ ಕೋಲಿನಿಂದ ಬಂದ ಬಾಡಿ ಉದ್ದ 416 ಮಿ.ಮೀ. ಆಸುಪಾಸಿಗೆ ಬಂತು, ಅಗಲ 100 ಇಟ್ಟಿದೆ.

ಬಾಗಿಲು, ಕಿಟಕಿಗಳ ಜಾಗವನ್ನು ಒಂದೇ ಬಸ್ಸಿನ ಫೋಟೋಗಳಿಂದ ತೆಗೆದುಕೊಳ್ಳುವುದು ವಾಸಿ. ಬಾಡಿಗಳು ಕೈಕೆಲಸದವು. ಒಂದರ ಮುಖ, ಇನ್ನೊಂದರ ಪಕ್ಕ ಸೇರಿಸಿದರೆ ಎಲ್ಲೂ ಓಡದ ಬಸ್ಸು ಹುಟ್ಟುತ್ತದೆ.

ಬಾಡಿ

ಪಕ್ಕದ ಗೋಡೆಗೆ 3 ಮಿ.ಮೀ. ಸನ್‌ಬೋರ್ಡ್ (ಹಗುರವಾದ ಪಿವಿಸಿ ಫೋಮ್ ಹಾಳೆ), ನೆಲಕ್ಕೆ 5 ಮಿ.ಮೀ. ಕಿಟಕಿ ಕತ್ತರಿಸುವ ಮೊದಲು ನಾಲ್ಕು ಮೂಲೆಗೂ 3 ಮಿ.ಮೀ. ತೂತು ಕೊರೆದು, ಆಮೇಲೆ ತೂತಿನಿಂದ ತೂತಿಗೆ ಬ್ಲೇಡು ಎಳೆಯಬೇಕು. ಮೂಲೆ ಗುಂಡಗೆ ಬರುತ್ತದೆ, ಬ್ಲೇಡು ಗೆರೆ ದಾಟಿ ಹೋಗುವುದೂ ತಪ್ಪುತ್ತದೆ.

ಛಾವಣಿಯ ಅಂಚಿನ ಬಾಗು ಎಲ್ಲರಿಗೂ ತಲೆನೋವು. ಹಾಳೆ ಬಿಸಿಮಾಡಿ ಬಗ್ಗಿಸಿದರೆ 416 ಮಿ.ಮೀ. ಉದ್ದಕ್ಕೂ ಒಂದೇ ಸಮ ಬಾಗುವುದಿಲ್ಲ. ಬದಲಿಗೆ ವೈರಿಂಗ್‌ಗೆ ಬಳಸುವ 20 ಮಿ.ಮೀ. ಪಿವಿಸಿ ಪೈಪನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ ಒಂದೊಂದು ಅಂಚಿಗೆ ಒಂದು ಸೀಳು ಹಾಕಿದೆ, ನಡುವೆ 2 ಮಿ.ಮೀ. ಸಪಾಟು ಹಾಳೆ. ಪೈಪು ಸೀಳಿದ ಕೂಡಲೇ ಒಳಗಿನ ಬಿಗಿ ಬಿಟ್ಟು ತಿರುಚಿಕೊಳ್ಳುತ್ತದೆ. ಅದನ್ನು ನೇರವಾದ ರೀಪಿಗೆ ಟೇಪಿನಿಂದ ಕಟ್ಟಿ, ಕಟ್ಟಿದ ಹಾಗೆಯೇ ಅಂಟಿಸಬೇಕು. ಮುಂದಿನ, ಹಿಂದಿನ ಮೂಲೆಗಳಿಗೆ ಕಾರಿಗೆ ಹಾಕುವ ಪುಟ್ಟಿ, ತೆಳು ಪದರಗಳಲ್ಲಿ. ಒಂದೇ ಸಲ ದಪ್ಪಗೆ ಹಚ್ಚಿದರೆ ಗಟ್ಟಿಯಾಗುವಾಗ ಏಳುವ ಶಾಖಕ್ಕೆ ಕೆಳಗಿನ ಹಾಳೆ ಸೊಟ್ಟಗಾಗುತ್ತದೆ.

ತಗಡಿನ ಪದರಕ್ಕೆ ಅಲ್ಯೂಮಿನಿಯಂ ಫಾಯಿಲ್ ಟೇಪು. ರಿವೆಟ್ಟುಗಳನ್ನು ಟೇಪಿನ ಹಿಂಬದಿಯಿಂದ, ರಬ್ಬರ್ ಹಾಳೆಯ ಮೇಲಿಟ್ಟು, ದರ್ಜಿಯ ಹಲ್ಲುಚಕ್ರ ಉರುಳಿಸಿ ಎಬ್ಬಿಸಿದೆ. ಹಲ್ಲಿನ ಅಂತರ 2 ಮಿ.ಮೀ. ಇದ್ದರೆ ನಿಜದಲ್ಲಿ 50 ಮಿ.ಮೀ. ಆಗುತ್ತದೆ, ನೋಡಲು ಸರಿಹೋಗುತ್ತದೆ. ಅಂಟಿಸುವಾಗ ಬೆರಳಿನಿಂದ ಒತ್ತಿದರೆ ಎದ್ದ ರಿವೆಟ್ಟು ಮತ್ತೆ ಮಲಗುತ್ತದೆ. ಸಾಲಿನ ಎರಡೂ ಕಡೆ ಮಾತ್ರ ಮರದ ಕಡ್ಡಿಯಿಂದ ಉಜ್ಜಬೇಕು.

ಕಿಟಕಿಯ ಅಡ್ಡ ಸರಳಿಗೆ 0.5 ಮಿ.ಮೀ. ತಾಮ್ರದ ತಂತಿ. ಸುರುಳಿಯಿಂದ ಬಿಚ್ಚಿದ ತಂತಿ ಅಂಕುಡೊಂಕು ಇರುತ್ತದೆ. ಒಂದು ತುದಿ ಇಕ್ಕಳದಲ್ಲಿ, ಇನ್ನೊಂದು ಡ್ರಿಲ್ಲಿನ ಬಾಯಲ್ಲಿ ಕಚ್ಚಿಸಿ, ಬಿಗಿಯಾಗಿ ಎಳೆದುಕೊಂಡು ನಿಧಾನಕ್ಕೆ ತಿರುಗಿಸಿದರೆ ನೆಟ್ಟಗಾಗುತ್ತದೆ. ಗಾಜಿಗೆ ಪಾರದರ್ಶಕ ಹಾಳೆ, ಅಂಟು ಫೆವಿಕಾಲ್. ಸೂಪರ್‌ಗ್ಲೂ ಹತ್ತಿರವೂ ತರಬಾರದು, ಅದರ ಆವಿಗೆ ಹಾಳೆ ಬೆಳ್ಳಗೆ ಮಂಜು ಹಿಡಿಯುತ್ತದೆ.

ಕೆಂಪು

ಹಳೆಯ ಕಲರ್ ಪ್ರಿಂಟ್ ನೋಡಿ ಬಣ್ಣ ಬೆರೆಸಿದರೆ ಮೋಸ ಹೋದಂತೆ. ಆಗಿನ ಎಷ್ಟೋ ಪ್ರಿಂಟುಗಳಲ್ಲಿ ಹಸಿರುನೀಲಿ ಬಣ್ಣದ ಪದರ ಮೊದಲು ಮಾಸುತ್ತದೆ, ಇಡೀ ಫೋಟೋ ಕೆಂಪಿಗೆ ತಿರುಗುತ್ತದೆ. ಸ್ಕ್ಯಾನ್ ಮಾಡಿದ ಮೇಲೆ ಚಿತ್ರದಲ್ಲಿ ಬೆಳ್ಳಗಿರಲೇಬೇಕಾದ ಒಂದು ಜಾಗ ಹುಡುಕಿ ಅದನ್ನು ಬಿಳಿಗೆ ಸರಿಪಡಿಸಿದರೆ ಉಳಿದದ್ದು ಹತ್ತಿರಕ್ಕೆ ಬರುತ್ತದೆ. ಅಂಥ ಜಾಗ ನಂಬರ್ ಪ್ಲೇಟು: ಆಗ ಬಾಡಿಗೆ ವಾಹನ, ಲಾರಿ, ಬಸ್ಸುಗಳ ಪ್ಲೇಟು ಬಿಳಿ, ಅಕ್ಷರ ಕಪ್ಪು. ಹಳದಿ ಪ್ಲೇಟು ಬಂದದ್ದು ಬಹಳ ಆಮೇಲೆ. ಎಂಬತ್ತರ ದಶಕದ ಬಸ್ಸಿಗೆ ಹಳದಿ ಪ್ಲೇಟು ಹಾಕಿದ ಮಾದರಿಗಳು ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಅದೇ ರೀತಿ ‘ಕೆಎ’ ಬರೆಯುವ ಹಾಗಿಲ್ಲ, ಅದು 1989ರಲ್ಲಿ ಬಂತು. ಅದಕ್ಕೂ ಮೊದಲು ‘ಎಂವೈ’, ‘ಸಿಎ’ಯಂಥವುಗಳಿಂದ ಶುರುವಾಗುವ ಮೂರಕ್ಷರ.

ಹೀಗೆ ಸರಿಪಡಿಸಿದಾಗ ಬಂದ ಕೆಂಪು ಸಿಗ್ನಲ್ ರೆಡ್‌ಗಿಂತ ಒಂದು ಗುಲಗಂಜಿಯಷ್ಟು ಗಾಢ. ಫಾಯಿಲ್ ಮೇಲೆ ಮೊದಲು ಎಚ್ (etch) ಪ್ರೈಮರ್, ಅಂದರೆ ಲೋಹಕ್ಕೆ ಕಚ್ಚಿಕೊಳ್ಳುವ ಅಡಿಬಣ್ಣ; ಇಲ್ಲದಿದ್ದರೆ ಮರೆಟೇಪು (ಮಾಸ್ಕಿಂಗ್ ಟೇಪು) ಕೀಳುವಾಗ ಬಣ್ಣವೂ ಸಿಪ್ಪೆಯಂತೆ ಬರುತ್ತದೆ. ಬೂದು ಪ್ರೈಮರ್ ಮೇಲೆ ನೇರ ಕೆಂಪು ಹೊಡೆದರೆ ಮಂಕಾಗುತ್ತದೆ, ನಡುವೆ ಒಂದು ತೆಳು ಬಿಳಿ ಕೋಟು ಬೇಕು. ತಿಳಿ ಬಣ್ಣದ ಪಟ್ಟಿ ಮೊದಲು, ಕೆಂಪು ಆಮೇಲೆ. ತಿರುಗಾಮುರುಗಾ ಮಾಡಿದರೆ ತಿಳಿ ಬಣ್ಣದೊಳಗಿಂದ ಕೆಂಪು ಇಣುಕಿ ಗುಲಾಬಿಯಾಗುತ್ತದೆ.

ಎಡಕ್ಕೆ ವಾಲು

ಇಷ್ಟೆಲ್ಲ ಆದ ಮೇಲೂ ಮಾದರಿ ಶೋರೂಮಿನಿಂದ ಇಳಿದ ಬಸ್ಸಿನಂತೆಯೇ ನಿಂತಿತ್ತು. ಬಿ.ಟಿ.ಎಸ್. ಹಾಗೆ ನಿಲ್ಲುತ್ತಿರಲಿಲ್ಲ. ಬಾಗಿಲು ಎರಡೂ ಎಡಕ್ಕೆ, ಫುಟ್‌ಬೋರ್ಡಿನಲ್ಲಿ ಜೋತುಬಿದ್ದ ಜನವೂ ಎಡಕ್ಕೆ. ಕಮಾನುಪಟ್ಟಿ (ಸ್ಪ್ರಿಂಗ್) ಸೋತು ಖಾಲಿ ಬಸ್ಸೂ ವಾಲಿಕೊಂಡೇ ಓಡುತ್ತಿತ್ತು. ಹಿಂದಿನ ಎಡ ಕಮಾನುಪಟ್ಟಿಯನ್ನು 1.5 ಮಿ.ಮೀ. ತಗ್ಗಿಸಿದೆ, ಮುಂದಿನದನ್ನು ಅರ್ಧದಷ್ಟು. ಆಕ್ಸಲ್ಲು ಸಮತಟ್ಟೇ ಇರಬೇಕು, ಬಾಡಿ ಮಾತ್ರ ವಾಲಬೇಕು. ಚಕ್ರವನ್ನೇ ಒಳಕ್ಕೆ ತಳ್ಳಿ ವಾಲಿಸಿದರೆ ಆಕ್ಸಲ್ ಮುರಿದ ಬಸ್ಸಿನಂತೆ ಕಾಣುತ್ತದೆ. ಇಡೀ ಕೆಲಸದಲ್ಲಿ ಅತಿ ಕಡಿಮೆ ಶ್ರಮಕ್ಕೆ ಅತಿ ಹೆಚ್ಚು ಫಲ ಕೊಟ್ಟದ್ದು ಇದೇ.

ಒಳಗೆ: ಕಂಬಗಳಿಗೆ 1.2 ಮಿ.ಮೀ. ತಂತಿ, ಸೀಟಿನ ಎತ್ತರ 18 ಮಿ.ಮೀ., ಡ್ರೈವರ್ ಪಕ್ಕದ ಇಂಜಿನ್ ಬಾನೆಟ್‌ಗೆ ರೆಕ್ಸಿನ್ ಬದಲು ಬಣ್ಣ ಬಳಿದ ಟಿಶ್ಯೂ ಕಾಗದ. ಗಂಟೆಯ ಹಗ್ಗಕ್ಕೆ ಹತ್ತಿ ದಾರ. ಒಮ್ಮೆ ಎಳೆದರೆ ಸ್ಟಾಪು, ಎರಡು ಸಲ ಎಳೆದರೆ ರೈಟ್. ದಾರದ ನವಿರು ಈ ಅಳತೆಯಲ್ಲಿ ಪೊದೆಯಂತೆ ಕಾಣುವುದರಿಂದ ಜೇನುಮೇಣದ ಮೇಲೆ ಎಳೆದು ಕೂರಿಸಬೇಕು. ಬಿಗಿಯಾಗಿ ಕಟ್ಟಬಾರದು. ಕೊಕ್ಕೆಯಿಂದ ಕೊಕ್ಕೆಗೆ ಸ್ವಲ್ಪ ಜೋಲು ಬಿಡಬೇಕು.

ಬೋರ್ಡು

ಉಳಿದಿರುವುದು ಇದೊಂದು, ಮತ್ತು ಇದೇ ಕಷ್ಟ. ಕಂಪ್ಯೂಟರ್ ಫಾಂಟಿನಲ್ಲಿ ‘ಮಲ್ಲೇಶ್ವರ’ ಎಂದು ಹೊಡೆದು ಅಂಟಿಸಿದರೆ ಬಸ್ಸು ತಕ್ಷಣ ಇವತ್ತಿನದಾಗುತ್ತದೆ. ಫಾಂಟಿನಲ್ಲಿ ಲ, ವ ಒತ್ತುಗಳು ಸಾಲಿನ ಕೆಳಗೆ ಇಳಿದು ಕೂರುತ್ತವೆ. ಬೋರ್ಡು ಬರೆಯುವ ಪೇಂಟರಿಗೆ ಅಷ್ಟು ಜಾಗ ಇರಲಿಲ್ಲ. ಒತ್ತನ್ನು ಮೇಲಕ್ಕೆ ದೂಡಿ ಅಕ್ಷರದ ಹೊಟ್ಟೆಯಡಿಗೆ ಸಿಕ್ಕಿಸಿ, ತಲೆಕಟ್ಟನ್ನು ದಪ್ಪ ಎಳೆದು, ಕೊನೆಗೆ ಜಾಗ ಸಾಲದಿದ್ದರೆ ‘ರ’ವನ್ನು ಸಣಕಲು ಮಾಡುತ್ತಿದ್ದರು. 6 ಮಿ.ಮೀ. ಎತ್ತರದ ಅಕ್ಷರದಲ್ಲಿ ಈ ಒತ್ತಿನ ಗೆರೆ ಅರ್ಧ ಮಿ.ಮೀ. ಕೂಡ ಇರುವುದಿಲ್ಲ, ಕೈಯಲ್ಲಿ ಬರೆಯಲಾಗದು. ಹತ್ತು ಪಟ್ಟು ದೊಡ್ಡದಾಗಿ ಚಪ್ಪಟೆ ಬ್ರಷ್‌ನಲ್ಲಿ ಬರೆದು, ಸ್ಕ್ಯಾನ್ ಮಾಡಿ ಕುಗ್ಗಿಸಿ, ಬಿಳಿ ಡಿಕಾಲ್ ಹಾಳೆಯ (ನೀರಲ್ಲಿ ನೆನೆಸಿ ಚಿತ್ರವನ್ನು ಜಾರಿಸಿ ಅಂಟಿಸುವ ಹಾಳೆ) ಮೇಲೆ ಮುದ್ರಿಸಬೇಕು. ಪಾರದರ್ಶಕ ಹಾಳೆ ಬೇಡ. ಮಾಮೂಲಿ ಪ್ರಿಂಟರಿಗೆ ಬಿಳಿ ಶಾಯಿ ಇಲ್ಲದ್ದರಿಂದ ತಿಳಿ ಬಣ್ಣಗಳು ಕೆಳಗಿನ ಕೆಂಪಿನಲ್ಲಿ ಮುಳುಗಿಹೋಗುತ್ತವೆ. ಇಂಕ್‌ಜೆಟ್ ಆದರೆ ಮುದ್ರಣ ಪೂರ್ತಿ ಒಣಗಿದ ಮೇಲೆ ವಾರ್ನಿಷ್ಷನ್ನು ಮಂಜಿನಂತೆ ಎರಡು ಮೂರು ಸಲ ಹಾರಿಸಿ, ಆಮೇಲಷ್ಟೇ ನೀರಿಗೆ ಹಾಕಬೇಕು. ಮೊದಲ ಕೋಟೇ ತೊಯ್ದು ತೊಪ್ಪೆಯಾದರೆ ಶಾಯಿ ಕದಡುತ್ತದೆ, ಮೊದಲು ಹೋಗುವುದು ಒತ್ತುಗಳೇ.

‘ಮಹಿಳೆಯರಿಗೆ’ ಎಂಬುದು ಮುಂದಿನ ಸೀಟುಗಳ ಮೇಲೆ, ಅದೇ ಹಾಳೆಯ ಮೂಲೆಯಲ್ಲಿ ಮುದ್ರಿಸಿಕೊಂಡರೆ ಸಾಕು.